ಮಳೆಯ ರಜೆಯ ದಿನ ಅನ್ನದ ಲೆಕ್ಕ ಬರೆಯುವವರು ಯಾರು?

ಶಾಲೆಯ ಒಂದು ಅವಧಿ ಎಂದರೇನು ಎಂದು ವಿದ್ಯಾ ಇಲಾಖೆಯವರನ್ನು ಕೇಳಿದರೆ ದಿನಗಳ ಲೆಕ್ಕ ಕೊಡುತ್ತಾರೆ. 2025-26ರ ಮೊದಲ ಅವಧಿ ಮೇ 29ರಂದು ಆರಂಭವಾಗಿ ಸೆಪ್ಟೆಂಬರ್ 19ರಂದು ಮುಗಿಯಿತು. ಇಷ್ಟು ಪಾಠ ಆಯಿತು, ಇಷ್ಟು ಪರೀಕ್ಷೆ ನಡೆಯಿತು ಎಂಬುದು ಅವರ ಉತ್ತರ. ನಮ್ಮ ಜಿಲ್ಲೆಯ ಮಟ್ಟಿಗೆ ಆ ಲೆಕ್ಕ ಅರ್ಧ ಸತ್ಯ. ಉಳಿದ ಅರ್ಧವನ್ನು ಮಂಗಳೂರಿನ ಶಕ್ತಿನಗರ, ನಾಲ್ಯಪದವು, ಕುಲಶೇಖರದ ಕೂಲಿಕಾರರ ಮನೆಗಳಲ್ಲಿ ಕೇಳಬೇಕು.

ಆ ವರ್ಷ ಶಾಲೆಯ ಬಾಗಿಲು ತೆರೆದ ಮರುದಿನವೇ, ಮೇ 30ರಂದು, ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಕುಸಿದು ಮನೆಯ ಮೇಲೆ ಬಿತ್ತು. ಎರಡು ಎಳೆಯ ಮಕ್ಕಳೂ ಅವರ ಅಜ್ಜಿಯೂ ಮಣ್ಣಿನಡಿ ಸತ್ತರು. ಆದ್ದರಿಂದ ಮಳೆ ಬಿರುಸಾದಾಗ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವುದನ್ನು ನಾವು ಆಕ್ಷೇಪಿಸುವುದಿಲ್ಲ. ಮಗುವಿನ ಪ್ರಾಣಕ್ಕಿಂತ ಪಾಠ ದೊಡ್ಡದಲ್ಲ. ಹೊಳೆ ದಾಟಿ, ತೋಡು ದಾಟಿ, ಕುಸಿಯುವ ಗುಡ್ಡದ ಬದಿಯಲ್ಲಿ ನಡೆದು ಬರುವ ಮಕ್ಕಳಿರುವ ಜಿಲ್ಲೆ ನಮ್ಮದು. ರಜೆ ಕೊಡಲಿ, ಕೊಡಲೇಬೇಕು.

ಆದರೆ ರಜೆಯ ನಂತರ ಬರುವ ಎರಡನೆಯ ಆಜ್ಞೆಯನ್ನು ವಾಚಕರು ಗಮನಿಸಬೇಕು. ಕಳೆದುಹೋದ ದಿನಗಳನ್ನು ಸರಿದೂಗಿಸಿ ಎಂಬುದೇ ಆ ಆಜ್ಞೆ. ಸರಿದೂಗಿಸುವುದು ಯಾವುದರಿಂದ? ಸಾಮಾನ್ಯವಾಗಿ ಶನಿವಾರದ ಮಧ್ಯಾಹ್ನದಿಂದ. ಅರ್ಧ ದಿನದ ಶನಿವಾರ ಪೂರ್ತಿ ದಿನವಾಗುತ್ತದೆ. ಅಧ್ಯಾಪಕರು ಉಳಿದ ಪಾಠ ಮುಗಿಸುತ್ತಾರೆ. ದಾಖಲೆ ಪುಸ್ತಕದಲ್ಲಿ ಗಂಟೆಗಳು ಭರ್ತಿಯಾಗುತ್ತವೆ. 2009ರ ಶಿಕ್ಷಣ ಹಕ್ಕು ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ. ಆರರಿಂದ ಎಂಟಕ್ಕೆ 220 ದಿನ, 1,000 ಗಂಟೆ ಎಂದು ನಿಗದಿ ಮಾಡಿದೆ. ಒಳ್ಳೆಯ ಕಾಯಿದೆ. ಆದರೆ ಅದೇ ಕಾಯಿದೆಯ ಅನುಬಂಧದಲ್ಲಿ ಆಟದ ಬಯಲೂ ಇದೆ, ಆಟದ ಸಾಮಗ್ರಿಯೂ ಇದೆ, ಬಿಸಿಯೂಟಕ್ಕೆ ಅಡುಗೆ ಕೋಣೆಯೂ ಇದೆ. ಮಳೆಯಲ್ಲಿ ಕೊಚ್ಚಿಹೋದ ಪಾಠಕ್ಕೆ ಶನಿವಾರ ಸಿಕ್ಕಿತು. ಕೊಚ್ಚಿಹೋದ ಊಟಕ್ಕೆ ಯಾವ ವಾರ? ಕೊಚ್ಚಿಹೋದ ಆಟಕ್ಕೆ ಯಾವ ವಾರ?

ಊಟದ ಮಾತನ್ನು ಮೊದಲು ಎತ್ತೋಣ, ಏಕೆಂದರೆ ಹಸಿವು ಕಾಯುವುದಿಲ್ಲ. ಮಂಗಳೂರಿನ ಸರಕಾರಿ ಶಾಲೆಗಳಲ್ಲಿ ಇಂದು ಕಲಿಯುವವರು ಯಾರ ಮಕ್ಕಳು? ಬೀಡಿ ಕಟ್ಟುವ ತಾಯಂದಿರ ಮಕ್ಕಳು, ರಿಕ್ಷಾ ಓಡಿಸುವವರ ಮಕ್ಕಳು, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಬಿಡಾರ ಹೂಡಿದವರ ಮಕ್ಕಳು. ಜಡಿಮಳೆ ಹಿಡಿದ ದಿನ ಗಾರೆ ಕೆಲಸ ನಿಲ್ಲುತ್ತದೆ, ಅಪ್ಪನ ಕೂಲಿ ನಿಲ್ಲುತ್ತದೆ. ಅದೇ ದಿನ ಶಾಲೆಗೂ ರಜೆ. ಮಗುವಿನ ಬಿಸಿಯೂಟವೂ ನಿಲ್ಲುತ್ತದೆ, ಬೆಳಗಿನ ಹಾಲೂ ನಿಲ್ಲುತ್ತದೆ. ಮನೆಯಲ್ಲಿ ಒಲೆ ಹಚ್ಚುವುದು ಅತಿ ಕಷ್ಟವಾದ ದಿನವನ್ನೇ ಹುಡುಕಿ ಸರಕಾರ ತನ್ನ ಒಲೆಯನ್ನು ಆರಿಸಿದಂತಾಯಿತು. ಬೇಕೆಂದು ಯಾರೂ ಹೀಗೆ ಮಾಡಿಲ್ಲ ಎಂಬುದು ನಿಜ. ಆದರೆ ಬಡವನ ಅನ್ನವನ್ನು ಕಸಿಯುವ ಎಷ್ಟೋ ವ್ಯವಸ್ಥೆಗಳು ಯಾರೂ ಬೇಕೆಂದು ಮಾಡದೆಯೇ ನಡೆದುಕೊಂಡು ಬರುತ್ತವೆ. ಶನಿವಾರ ಶಾಲೆಯಲ್ಲಿ ಹೇಗೂ ಊಟವಿರುವುದರಿಂದ, ಮಧ್ಯಾಹ್ನ ಎರಡು ಗಂಟೆ ಹೆಚ್ಚು ಪಾಠ ಮಾಡಿದ ಮಾತ್ರಕ್ಕೆ ಮಗುವಿನ ತಟ್ಟೆಗೆ ಒಂದು ತುತ್ತೂ ಹೆಚ್ಚು ಬೀಳುವುದಿಲ್ಲ.

ಅನ್ನವನ್ನೂ ಅಕ್ಷರವನ್ನೂ ಬೇರ್ಪಡಿಸಲಾಗದು ಎಂಬುದನ್ನು ಮಂಗಳೂರಿಗೆ ಯಾರೂ ಹೊರಗಿನಿಂದ ಬಂದು ಹೇಳಬೇಕಾಗಿಲ್ಲ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರಿಗೆ ಅದು ಅನುಭವದಿಂದ ತಿಳಿದ ವಿಷಯ. ಊರಿನ ಮೇಲುಜಾತಿಯವರು ಅವರನ್ನು ಬಹಿಷ್ಕರಿಸುತ್ತಿದ್ದಾಗಲೂ ಅವರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಕೊಟ್ಟೇ ಪಾಠಕ್ಕೆ ಕೂರಿಸಿದರು. ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, 2001ರ ನವೆಂಬರ್ 28ರಂದು, ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. 2013ರಲ್ಲಿ ಹಾಲು ಬಂತು, ಆಮೇಲೆ ಮೊಟ್ಟೆ ಬಂತು.

ಇಲ್ಲಿ ಮೊಟ್ಟೆಯ ವಿಷಯದಲ್ಲಿ ಒಂದು ಮಾತು. ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡು 2024ರಲ್ಲಿ ಆದದ್ದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಹಣದಿಂದ. ಮೂರು ವರ್ಷದ ಒಪ್ಪಂದ. ಮೊಟ್ಟೆಯನ್ನು ನಾವು ಬೇಡವೆನ್ನುವುದಿಲ್ಲ, ಕೊಟ್ಟವರನ್ನು ಹಳಿಯುವುದೂ ಇಲ್ಲ. ಆದರೆ ಮಗುವಿನ ಹಕ್ಕಿನ ಮೊಟ್ಟೆ ಶ್ರೀಮಂತನ ಔದಾರ್ಯದ ಗಡುವಿಗೆ ಕಟ್ಟುಬಿದ್ದಿರುವುದು ಸರಕಾರಕ್ಕೆ ನಾಚಿಕೆ ತರಬೇಕಾದ ಸಂಗತಿ. ಅದನ್ನು ಬೇಯಿಸಿ ಸುಲಿದು ಬಡಿಸುವ ಅಡುಗೆಯ ಹೆಂಗಸರಿಗೆ ಸಿಗುವುದು ಸಂಬಳವೂ ಅಲ್ಲ, 'ಗೌರವಧನ'. ಅದರಲ್ಲಿ ಗೌರವವೂ ಕಡಮೆ, ಧನವೂ ಕಡಮೆ.

ರಜೆಯ ದಿನ ಊಟ ಕೊಡುವುದು ಆಗದ ಕೆಲಸವೇ? ಆಗುತ್ತದೆಂದು ಸರಕಾರವೇ ತೋರಿಸಿಕೊಟ್ಟಿದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2024ರ ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ರಾಜ್ಯದ ಬರಪೀಡಿತ ತಾಲೂಕುಗಳಲ್ಲಿ ರಜೆಯಲ್ಲಿಯೇ ಬಿಸಿಯೂಟ ನಡೆಯಿತು. ಮಳೆ ಬಾರದೆ ಹಸಿದ ಮಗುವಿಗೆ ಅನ್ನ ಕೊಡಬಹುದಾದರೆ ಮಳೆ ಹೆಚ್ಚಾಗಿ ಹಸಿದ ಮಗುವಿಗೆ ಏಕೆ ಕೊಡಬಾರದು? ಶಾಲೆಗೆ ಕರೆಸುವುದು ಅಪಾಯವೆಂದರೆ ಬೇರೆ ದಾರಿಯೂ ಇದೆ. 2015ರ ಬಿಸಿಯೂಟ ನಿಯಮಗಳಲ್ಲಿ, ಶಾಲೆ ನಡೆದ ದಿನ ಊಟ ಕೊಡಲಾಗದಿದ್ದರೆ ಅದಕ್ಕೆ ಪ್ರತಿಯಾಗಿ ಧಾನ್ಯ ಮತ್ತು ಅಡುಗೆಯ ಖರ್ಚನ್ನು ಆಹಾರ ಭದ್ರತಾ ಭತ್ಯೆಯೆಂದು ಕೊಡತಕ್ಕದ್ದೆಂದಿದೆ. ಆದರೆ ಮಳೆಯ ರಜೆಯ ದಿನ ಕಾಗದದ ಪ್ರಕಾರ ಶಾಲೆ ನಡೆದ ದಿನವಲ್ಲ; ಹಾಗಾಗಿ ಭತ್ಯೆಯೂ ಇಲ್ಲ. ಪಾಠಕ್ಕೆ ಸಂಬಂಧಿಸಿ ಅದು ಸರಿದೂಗಿಸಬೇಕಾದ ಶಾಲಾ ದಿನ, ಅನ್ನಕ್ಕೆ ಸಂಬಂಧಿಸಿ ಬರೀ ರಜೆ! ಈ ಒಂದು ಎಡವಟ್ಟನ್ನು ರಾಜ್ಯ ಸರಕಾರ ಒಂದು ಸುತ್ತೋಲೆಯಿಂದ ತಿದ್ದಬಹುದು.

ಇನ್ನು ಆಟ. ತುಳುವಿನಲ್ಲಿ 'ಪದವು' ಎಂದರೆ ಎತ್ತರದಲ್ಲಿರುವ ಬಯಲು. ನಾಲ್ಯಪದವು, ಮೊಂಟೆಪದವು ಮುಂತಾದ ಹೆಸರುಗಳೆಲ್ಲ ಹಾಗೆ ಬಂದವು. ಮುರಕಲ್ಲಿನ ಈ ಪದವುಗಳಲ್ಲಿ ಒಂದು ಕಾಲಕ್ಕೆ ದನ ಮೇಯುತ್ತಿದ್ದುವು, ಹುಡುಗರು ಹೊತ್ತು ಮುಳುಗುವ ತನಕ ಆಡುತ್ತಿದ್ದರು. ಇಂದು ಹೆಸರಿನಲ್ಲಿ ಬಯಲು ಉಳಿದಿದೆ, ನೆಲದ ಮೇಲೆ ಬಹುಮಹಡಿ ಕಟ್ಟಡಗಳು ನಿಂತಿವೆ. ಸೈಟಿನ ದರ ಏರಿದ ಹಾಗೆಲ್ಲ ಮಕ್ಕಳ ಕಾಲಡಿಯ ನೆಲ ಕಿರಿದಾಯಿತು. ಬಡವನ ಮಗುವಿಗೆ ಉಳಿದ ಬಯಲೆಂದರೆ ಶಾಲೆಯ ಅಂಗಳ. ಅಲ್ಲಿಯೂ ಜೂನ್, ಜುಲೈ ತಿಂಗಳು ಕೆಸರು. ಆಗಸ್ಟಿನಲ್ಲಿ ಹೊಳವಾಗುವಷ್ಟರಲ್ಲಿ ವಲಯ ಮಟ್ಟದ, ತಾಲೂಕು ಮಟ್ಟದ ಕ್ರೀಡಾಕೂಟದ ದಿನಾಂಕ ಬಂದು ನಿಲ್ಲುತ್ತದೆ. ಎರಡು ವಾರದ ಅಭ್ಯಾಸದಲ್ಲಿ ಕಬಡ್ಡಿ, ಖೋ ಖೋ, ತ್ರೋಬಾಲ್ ತಂಡಗಳು ತಯಾರಾಗಬೇಕು. ಅಭ್ಯಾಸ ಮಾಡಿಸುವವರು? ಆರರಿಂದ ಎಂಟನೆಯ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಅರೆಕಾಲಿಕ ದೈಹಿಕ ಶಿಕ್ಷಕರು ಎಂದು ಕಾಯಿದೆಯೇ ಗೆರೆ ಎಳೆದಿದೆ. ಮಕ್ಕಳು ಕಡಮೆಯಾದ ಶಾಲೆಗೆ ಆಟ ಕಲಿಸುವವರಿಲ್ಲ. ಆಟ ಕಲಿಸುವವರಿಲ್ಲದ ಶಾಲೆಗೆ ಮಕ್ಕಳು ಬರುವುದಿಲ್ಲ. ಇಷ್ಟಾದ ಮೇಲೂ ಶನಿವಾರದ ಮಧ್ಯಾಹ್ನವನ್ನೇ ಪಾಠಕ್ಕೆ ಕಿತ್ತುಕೊಂಡರೆ ಆ ಮಕ್ಕಳು ಆಡುವುದು ಯಾವಾಗ?

ಆಟ ಹೊಟ್ಟೆ ತುಂಬಿದವರ ಚಟ ಎನ್ನುವವರಿದ್ದಾರೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ರೈತನ ಮಗಳು ಬಿ. ಚೈತ್ರಾ ಇದ್ದರು. ಖೋ ಖೋ ಆಟಕ್ಕೆ ಬೇಕಾದದ್ದು ಎರಡು ಕಂಬ, ಸ್ವಲ್ಪ ನೆಲ ಮತ್ತು ಸಂಜೆ ಉಳಿದು ಕಲಿಸುವ ಒಬ್ಬ ಗುರು. ಅಷ್ಟನ್ನೂ ಒದಗಿಸಲಾರದ ಸರಕಾರ ಗೆದ್ದವರಿಗೆ ಶಾಲು ಹೊದೆಸಲು ಮಾತ್ರ ಓಡಿಬರುತ್ತದೆ.

ಪಾಠ, ಊಟ, ಆಟಗಳ ಜೊತೆಗೆ ಶಾಲೆ ಮಾಡುವ ಇನ್ನೊಂದು ಕೆಲಸವಿದೆ. ಅದಕ್ಕೆ ಯಾವ ನಮೂನೆಯಲ್ಲೂ ಅಂಕಣವಿಲ್ಲ. ನಾಲ್ಕು ದಿನ ಬಾರದ ಹುಡುಗಿಯ ಮನೆಗೆ ಹೋಗಿ ವಿಚಾರಿಸುವುದು, ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಮಗುವನ್ನು ಮೆಲ್ಲನೆ ಕನ್ನಡಕ್ಕೆ ಕರೆತರುವುದು, ಹಬ್ಬಕ್ಕೆಂದು ಊರಿಗೆ ಹೋದ ಉತ್ತರ ಕರ್ನಾಟಕದ ಹುಡುಗ ಮರಳಿ ಬಂದನೇ ಎಂದು ನೋಡುವುದು, ಹೊಡೆದ ಗುರುತು ಕಂಡರೆ ಕೇಳುವುದು. ಇದನ್ನು ಮಾಡುವವರು ತರಗತಿಯ ಅಧ್ಯಾಪಕಿ. ಅವರನ್ನು ಆ ಕೆಲಸದಿಂದ ಎಬ್ಬಿಸಿ ಕಳುಹಿಸಿದ್ದು 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ. ದಸರಾ ರಜೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ಸಮೀಕ್ಷೆ ಮುಗಿಯಲಿಲ್ಲವೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆಯನ್ನು 18ರ ವರೆಗೆ ಎಳೆದರು. ಅದಾದ ಬೆನ್ನಿಗೆ ದೀಪಾವಳಿ ಬಂತು.

ಸಮೀಕ್ಷೆ ಬೇಡವೆಂದು ನಾವು ಹೇಳುವವರಲ್ಲ. ಹಿಂದುಳಿದ ಜಾತಿಗಳ ನಿಜಸ್ಥಿತಿ ಅಂಕಿಗಳಲ್ಲಿ ಬರಲಿ ಎಂದು ಒತ್ತಾಯಿಸಿದವರಲ್ಲಿ ನಾವೂ ಸೇರಿದ್ದೇವೆ. ಆದರೆ ಅಧ್ಯಾಪಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಹೊರತು ಬೇರೆ ಕೆಲಸಕ್ಕೆ ಹಚ್ಚಕೂಡದೆಂದು ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಸೆಕ್ಷನ್ ಹೇಳುತ್ತದೆ. ಕೆಲಸವಿಲ್ಲದ ಪದವೀಧರರು ಇಷ್ಟೊಂದಿರುವ ನಾಡಿನಲ್ಲಿ ಗಣತಿದಾರರು ಸಿಗಲಿಲ್ಲವೆಂದರೆ ನಂಬುವವರು ಯಾರು? ಫಲ ಏನಾಯಿತು ನೋಡಿ. ಒಂದೇ ವಠಾರದ ಎರಡು ಮಕ್ಕಳಲ್ಲಿ ಫೀಸು ಕೊಡುವ ಮಗುವಿನ ಶಾಲೆ ಅಕ್ಟೋಬರ್ 8ಕ್ಕೆ ತೆರೆಯಬಹುದಾಗಿತ್ತು. ಸರಕಾರಿ ಶಾಲೆಯ ಮಗು ಇನ್ನೂ ಹನ್ನೊಂದು ದಿನ ಪಾಠವಿಲ್ಲದೆ, ಬಿಸಿಯೂಟವಿಲ್ಲದೆ ಬಾಗಿಲಲ್ಲಿ ಕುಳಿತಿತು. ಯಾವ ಹಿಂದುಳಿದವರ ಏಳಿಗೆಗಾಗಿ ಸಮೀಕ್ಷೆಯೋ ಅವರ ಮಕ್ಕಳಿಂದಲೇ ಅದರ ಬೆಲೆಯನ್ನು ವಸೂಲು ಮಾಡಿದಂತಾಯಿತು.

ನಮ್ಮ ಜಿಲ್ಲೆ 2025ರ ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡಾ 91.12 ಪಡೆದು ರಾಜ್ಯಕ್ಕೆ ಮೊದಲಾಯಿತು ಎಂಬ ಹೆಮ್ಮೆ ನಮಗೂ ಇದೆ. ಆ ಹೆಮ್ಮೆಯ ನೆರಳಿನಲ್ಲಿ ಬೆಳೆದ ವ್ಯಾಪಾರವನ್ನೂ ನೋಡಬೇಕು. ಫಲಕಗಳಲ್ಲಿ ರ‍್ಯಾಂಕ್ ಬಂದವರ ಮುಖಗಳು ಮಾತ್ರ. ಈಜು ಕಲಿಯಲು ಒಂದು ಫೀಸು, ಮಾನಸಿಕ ಸಲಹೆಗೆ ಇನ್ನೊಂದು ಎಂಬಂತೆ ಆಟವೂ ಆರೈಕೆಯೂ ಅಲ್ಲಿ ಮಾರಾಟದ ಸರಕಾಗಿವೆ. ಕೊಳ್ಳಬಲ್ಲವರಿಗೆ ಪೂರ್ತಿ ಶಾಲೆ, ಕೊಳ್ಳಲಾರದವರಿಗೆ ಪಾಠದ ಗಂಟೆ ಮಾತ್ರ! 1966ರಲ್ಲಿ ಕೊಠಾರಿ ಆಯೋಗ ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕೆಂದಿತು. 2015ರಲ್ಲಿ ಅಲಹಾಬಾದ್ ಹೈಕೋರ್ಟು ಸರಕಾರದಿಂದ ಸಂಬಳ ಪಡೆಯುವವರ ಮಕ್ಕಳು ಸರಕಾರಿ ಶಾಲೆಯಲ್ಲೇ ಓದಬೇಕೆಂದು ತೀರ್ಪಿತ್ತಿತು. ಉತ್ತರ ಪ್ರದೇಶ ಅದನ್ನು ಜಾರಿಗೆ ತರಲಿಲ್ಲ. ರಜೆಯ ಆಜ್ಞೆಗೆ ಸಹಿ ಹಾಕುವವರ ಮಕ್ಕಳೂ ಬಿಸಿಯೂಟದ ಸಾಲಿನಲ್ಲಿ ಕೂರುತ್ತಿದ್ದರೆ, ಮಳೆಯ ದಿನದ ಅನ್ನದ ಪ್ರಶ್ನೆ ಎಂದೋ ಇತ್ಯರ್ಥವಾಗುತ್ತಿತ್ತು.

ಅಲ್ಲಿಯ ತನಕ ನಮ್ಮ ಪೋಷಕರ ಕೈಯಲ್ಲಿರುವುದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರ ಸಭೆಗೆ ಹೋಗಿ ಚಹಾ ಕುಡಿದು ರುಜು ಹಾಕಿ ಬರುವುದು ಸಾಕು. ಕಳೆದ ಅವಧಿಯಲ್ಲಿ ಮಳೆಗೆ ಎಷ್ಟು ದಿನ ರಜೆಯಾಯಿತು, ಅಷ್ಟು ದಿನದ ಅಕ್ಕಿ ಬೇಳೆ ಎಲ್ಲಿದೆ, ಮಕ್ಕಳ ಮನೆಗೆ ಏಕೆ ಬರಲಿಲ್ಲ, ಎಷ್ಟು ಆಟದ ಗಂಟೆಗಳು ಪಾಠಕ್ಕೆ ಹೋದುವು ಎಂದು ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು. ಮುಖ್ಯೋಪಾಧ್ಯಾಯರ ಮೇಲೆ ಕೂಗಾಡಿ ಫಲವಿಲ್ಲ, ಅವರೂ ಸುತ್ತೋಲೆಯ ಕೈದಿಗಳು. ಆ ನಡವಳಿಯ ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಜಿಲ್ಲಾಧಿಕಾರಿಗಳಿಗೂ ಮುಂದಿನ ಮಳೆಗಾಲಕ್ಕೆ ಮೊದಲೇ ತಲಪಲಿ.