ಗಡ್ಡೆ ತೆಗೆದಿರಿ, ರಿಪೋರ್ಟ್ ಎಲ್ಲಿ?

‘ಫೈಬ್ರಾಯ್ಡ್‌ನಿಂದ ಒಂದೇ ದಿನದಲ್ಲಿ ಶಾಶ್ವತ ಮುಕ್ತಿ!’ ಊರ ಗೋಡೆಗಳ ಮೇಲೆ ಮಾಸಿದ್ದ ಈ ಬಗೆಯ ಜಾಹೀರಾತು ಈ ವಾರ ವಾಟ್ಸ್ಆ್ಯಪಿಗೂ ಇಳಿದು ಅಂಕಣಕಾರನ ಬೆಳಗಿನ ಕಾಫಿ ಕೆಡಿಸಿತು. ಮಠಾಧೀಶರೇ ಕೊಡಲು ಹಿಂಜರಿಯುವ ಮುಕ್ತಿಯನ್ನು ಇವರು ಡಿಸ್ಕೌಂಟಿನಲ್ಲಿ ಕೊಡುತ್ತಿದ್ದಾರೆ.

ಫೈಬ್ರಾಯ್ಡ್ ಎಂಬ ಈ ಗರ್ಭಕೋಶದ ಗಡ್ಡೆಗಳು ಬಹುಪಾಲು ನಿರುಪದ್ರವಿ. ಮುಟ್ಟು ನಿಂತ ಮೇಲೆ ತಾವಾಗಿ ಕುಗ್ಗುತ್ತವೆ; ಎಷ್ಟೋ ಹೆಂಗಸರಿಗೆ ಅವು ಇದ್ದದ್ದೂ ಗೊತ್ತಾಗುವುದಿಲ್ಲ. ಆದರೆ ಅದೇ ಕುಲದಲ್ಲಿ ಕೆಲವು ಪುಂಡರಿದ್ದಾರೆ. ಅವರಲ್ಲೊಬ್ಬನಾದ ಇಂಟ್ರಾವೀನಸ್ ಲಿಯೋಮಯೋಮಟೋಸಿಸ್ ಕ್ಯಾನ್ಸರ್ ಅಲ್ಲ. ಆದರೂ ಗರ್ಭಕೋಶದ ಅಭಿಧಮನಿಯೊಳಗೆ ನುಗ್ಗಿ, ಬಳ್ಳಿಯಂತೆ ಮೇಲೇರಿ, ಹೃದಯದ ಬಲಭಾಗವನ್ನೇ ತಲುಪಬಲ್ಲದು. ಹೃದಯ ಮುಟ್ಟಿದ ಪ್ರಕರಣ 1907ರಷ್ಟು ಹಿಂದೆಯೇ ದಾಖಲಾಗಿದೆ.

ರೋಗಿ ಬರುವುದು ಏದುಸಿರು, ಕಾಲು ಬಾವು, ತಲೆಸುತ್ತು ಎಂದು. ಹೋಗುವುದು ಹೃದಯ ತಜ್ಞರ ಬಳಿಗೆ. ಸ್ಕ್ಯಾನಿನಲ್ಲಿ ಕಂಡದ್ದನ್ನು ರಕ್ತದ ಹೆಪ್ಪೆಂದೋ ಹೃದಯದಲ್ಲೇ ಹುಟ್ಟುವ ಮಿಕ್ಸೋಮಾ ಗಡ್ಡೆಯೆಂದೋ ಭಾವಿಸುವುದುಂಟು. ಹಿಂದೆಂದೋ ಗರ್ಭಕೋಶ ತೆಗೆಸಿದ್ದು ಆಕೆಗೆ ಹೇಳಬೇಕು ಅನ್ನಿಸುವುದಿಲ್ಲ, ಇವರಿಗೆ ಕೇಳಬೇಕು ಅನ್ನಿಸುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೂ ಇದು ಮರುಕಳಿಸುವ ಪ್ರಮಾಣ ಸುಮಾರು ಶೇ 30ರವರೆಗೂ ಇದೆ. ತುಣುಕು ಉಳಿದರೆ ಅಪಾಯ ಹೆಚ್ಚು.

ಇನ್ನೊಂದು ಬಗೆ ಶ್ವಾಸಕೋಶದಲ್ಲಿ ಗಂಟುಗಳಾಗಿ ಕಾಣಿಸಿಕೊಳ್ಳುತ್ತದೆ, ಅದೂ ಗರ್ಭಕೋಶ ಹೋಗಿ ಎಷ್ಟೋ ವರ್ಷಗಳ ನಂತರ. ಕೆಮ್ಮೂ ಇರುವುದಿಲ್ಲ, ಬೇರಾವುದಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದು ಮನೆಮಂದಿಯನ್ನೆಲ್ಲ ಕ್ಯಾನ್ಸರ್ ಭಯಕ್ಕೆ ನೂಕುತ್ತದೆ.

ಆ ಹೊತ್ತಿನಲ್ಲಿ ಬೇಕಾಗುವುದು ಅಂದು ತೆಗೆದ ಗಡ್ಡೆಯ ಹಳೆಯ ಬಯಾಪ್ಸಿ ರಿಪೋರ್ಟು. ಅಂಕಣಕಾರನ ಹಳೇ ರಾಗ ಇದು, ಮನ್ನಿಸಿ. ಫ್ಯುಮರೇಟ್ ಹೈಡ್ರಟೇಸ್ ಜೀನಿನ ದೋಷದಿಂದ ಬರುವ ಗಡ್ಡೆಗಳ ಸುಳಿವು ಸಿಗುವುದೂ ಪೆಥಾಲಜಿಸ್ಟರ ಸೂಕ್ಷ್ಮದರ್ಶಕದಡಿಯಲ್ಲೇ. ಆ ದೋಷವಿದ್ದ ಮನೆತನದಲ್ಲಿ ಮೂತ್ರಪಿಂಡದ ಕ್ಯಾನ್ಸರ್ ಕಾದಿರಬಹುದು. ಗಡ್ಡೆಯನ್ನು ಬಕೆಟ್ಟಿಗೆ ಎಸೆದರೆ ಅಕ್ಕತಂಗಿಯರಿಗೆ ಸಿಗಬೇಕಿದ್ದ ಎಚ್ಚರಿಕೆಯೂ ಅದರ ಜೊತೆ ಹೋಯಿತು.

2013ರಲ್ಲಿ ಬಾಸ್ಟನ್ನಿನ ವೈದ್ಯೆ ಏಮಿ ರೀಡ್ ಅವರ ಫೈಬ್ರಾಯ್ಡನ್ನು ಮಾರ್ಸಲೇಟರ್ ಯಂತ್ರದಿಂದ ಒಳಗೇ ಪುಡಿಮಾಡಿ ತೆಗೆದರು. ಅದರಲ್ಲಿ ಸಾರ್ಕೋಮಾ ಎಂಬ ಕ್ಯಾನ್ಸರ್ ಅಡಗಿದ್ದದ್ದು ಆಮೇಲೆ ಪೆಥಾಲಜಿಯಲ್ಲಿ ತಿಳಿಯಿತು. ಫೈಬ್ರಾಯ್ಡ್ ಎಂದುಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾಗುವ ಸುಮಾರು 350 ಮಂದಿಯಲ್ಲಿ ಒಬ್ಬರಿಗೆ ಹೀಗಿರಬಹುದೆಂದು ಅಮೆರಿಕದ ಎಫ್‌ಡಿಎ 2014ರಲ್ಲಿ ಎಚ್ಚರಿಸಿತು. ಏಮಿ 2017ರಲ್ಲಿ ತೀರಿಕೊಂಡರು. ಸಾಧು ಗಡ್ಡೆಯ ಚೂರುಗಳೂ ಹೊಟ್ಟೆಯಲ್ಲಿ ಉಳಿದರೆ ಅಲ್ಲಲ್ಲೇ ಬೇರೂರಿ ಬೆಳೆಯಬಲ್ಲವು.

ಇಲ್ಲಿ ಕಲಬುರಗಿಯ ತಾಂಡಾಗಳಿಂದ ಬೀಡ್‌ನ ಕಬ್ಬಿನ ಗದ್ದೆಯವರೆಗೆ ಬಡ ಹೆಂಗಸರ ಗರ್ಭಕೋಶಕ್ಕೆ ಕತ್ತರಿ ಬಿದ್ದ ಸುದ್ದಿಗಳನ್ನು ಓದುಗರು ಮರೆತಿರಲಾರರು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಿರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಹಾಗೆ ತೆಗೆದವುಗಳಲ್ಲಿ ಪೆಥಾಲಜಿಸ್ಟರ ಮೇಜು ಕಂಡವು ಎಷ್ಟೋ! ಇನ್ಶೂರೆನ್ಸ್ ಹಣಕ್ಕೆ ಬೇಕಾದ ಕಾಗದವಂತೂ ಒಂದೂ ಕಳೆದಿರಲಿಕ್ಕಿಲ್ಲ.