ವರದಿ ಬಚ್ಚಿಟ್ರೆ ನಷ್ಟ ರೈತನಿಗೇ

ನಮ್ಮ ಕಡೆ ಗ್ರಾಮಸಭೆಲಿ ಪಶ್ಚಿಮ ಘಟ್ಟದ ವರದಿ ಅಂದ ಕೂಡ್ಲೇ ‘ಬೇಡ’ ಅನ್ನೋ ಕೂಗು ಏಳ್ತದೆ. ನಾನೂ ತೋಟ ಇರೋನೇ, ಆ ಹೆದರಿಕೆ ನನಗೂ ಗೊತ್ತು. ಆದ್ರೆ ನಮ್ಮಲ್ಲಿ ಎಷ್ಟು ಜನ ಆ ವರದಿ ಓದಿದ್ದೇವೆ?

ಓದೋಕೆ ಬಿಟ್ಟಿದ್ದಾದ್ರೂ ಹೇಗೆ ನೋಡಿ. ಮಾಧವ ಗಾಡ್ಗೀಳ್ ಸಮಿತಿ ಕೇಂದ್ರ ಪರಿಸರ ಸಚಿವಾಲಯಕ್ಕೆ ವರದಿ ಕೊಟ್ಟಿದ್ದು 2011ರ ಆಗಸ್ಟ್‌ನಲ್ಲಿ. ಮಾಹಿತಿ ಹಕ್ಕಿನಲ್ಲಿ ಕೇಳಿದವರಿಗೂ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ‘ಕೊಡಿ’ ಅಂದ್ರೆ ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯ್ತು. ಅಲ್ಲೂ ಸೋತ ಮೇಲೆ, 2012ರ ಮೇ ತಿಂಗಳಲ್ಲಿ ವೆಬ್‌ಸೈಟಿಗೆ ಬಂತು. ಅದೂ ಇಂಗ್ಲಿಷಿನಲ್ಲಿ.

ಬಿತ್ತದೆ ಬಿಟ್ಟ ಗದ್ದೇಲಿ ಕಳೆ ಬೆಳೀತದೆ. ‘ಒಕ್ಕಲೆಬ್ಬಿಸ್ತಾರೆ’ ಅನ್ನೋ ಸುದ್ದಿ ಹಾಗೇ ಬೆಳೀತು. ವರದಿಯಲ್ಲಿ ಒಕ್ಕಲೆಬ್ಬಿಸೋ ಮಾತಿಲ್ಲ. ವಲಯಗಳ ಗಡಿ ತಾತ್ಕಾಲಿಕ, ಗ್ರಾಮಸಭೆಗಳ ಜತೆ ಚರ್ಚಿಸಿ ಅಂತಿಮ ಮಾಡಿ ಅಂತಿದೆ. ಕಷ್ಟದ ಮಾತೂ ಇದೆ: ವಲಯ ನೋಡಿ ಐದರಿಂದ ಹತ್ತು ವರ್ಷದೊಳಗೆ ರಾಸಾಯನಿಕ ಕೀಟನಾಶಕ ಬಿಡಬೇಕು. ಕೊಳೆ ರೋಗದ ಕಾಲದಲ್ಲಿ ಇಂಥ ನಿಯಮ ನಮಗೆ ಎಲ್ಲಿ ತಟ್ತದೆ, ಎಷ್ಟು ಸಹಾಯಧನ ಬೇಕು ಅಂತ ನಾವು ವಾದ ಮಾಡಬಹುದಿತ್ತು. ಆ ಅವಕಾಶವೇ ತಪ್ಪಿತು.

ಆಮೇಲೆ 2013ರಲ್ಲಿ ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ, ಘಟ್ಟದ ಸುಮಾರು ಶೇ 37 ಭಾಗ ಸೂಕ್ಷ್ಮ ಪ್ರದೇಶ ಅಂತು. ಕೇಂದ್ರದ ಕರಡು ಅಧಿಸೂಚನೆ ಮತ್ತೆ ಮತ್ತೆ ಬಂತು. ಆರನೆಯದು 2024ರ ಜುಲೈ 31ಕ್ಕೆ, ವಯನಾಡಿನ ಗುಡ್ಡ ಕುಸಿದ ಮಾರನೇ ದಿನ. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸಂಪುಟ ‘ಬೇಡ’ ಅಂತು.

ಬೇಡ ಅನ್ನೋ ಅಧಿಕಾರ ಸರ್ಕಾರಕ್ಕಿದೆ, ಒಪ್ತೇನೆ. ಮಣ್ಣು ಪರೀಕ್ಷೆ ಚೀಟೀಲಿ ಸುಣ್ಣ ಹಾಕಿ ಅಂತ ಬಂದ್ರೆ ಹಾಕೋದು ಬಿಡೋದು ನನ್ನಿಷ್ಟ. ಆದ್ರೆ ಚೀಟೀನೇ ಬಚ್ಚಿಟ್ರೆ ನಾನು ಯಾವ ಲೆಕ್ಕದಲ್ಲಿ ಬೇಸಾಯ ಮಾಡ್ಲಿ? ವಿಜ್ಞಾನಿಗಳು ಹೇಳಿದ್ದು ಹೇಳಿದ ಹಾಗೇ, ಕೊಟ್ಟ ಕೂಡ್ಲೇ, ಕನ್ನಡದಲ್ಲಿ ಪಂಚಾಯ್ತಿಗೆ ಬರಬೇಕು. ಒಪ್ಪದಿದ್ರೆ ಯಾಕೆ ಒಪ್ಪಲ್ಲ ಅಂತ ಊರುವಾರು ಬರೆದು ಕೊಡಬೇಕು. ಗುಡ್ಡ ಜರಿದ್ರೆ ತೋಟ ಹೋಗೋದು ನಮ್ಮದು, ಫೈಲು ಮುಚ್ಚಿಟ್ಟವರದ್ದಲ್ಲ.

ಮುಂದಿನ ಗ್ರಾಮಸಭೆಲಿ ಬೇಕು-ಬೇಡದ ಜಗಳಕ್ಕೆ ಮೊದಲು ‘ಕನ್ನಡದಲ್ಲಿ ಪೂರ್ತಿ ವರದಿ ಕೊಡಿ’ ಅಂತ ಒಂದು ಠರಾವು ಬರೆಸೋಣ. ಏನಂತೀರಿ?