ಒಂದು ಸಹಿ, ಐದು ದಿನದ ಹಡಗು ಪ್ರವಾಸ

ನಮ್ಮ ಮನೆ ಪಣಂಬೂರಿನ ಹತ್ತಿರ. ಮಳೆಗಾಲ ಮುಗಿದ ಮೇಲೆ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬರಲು ಶುರುವಾಗುತ್ತವೆ. ಬಹುಮಹಡಿ ಅಪಾರ್ಟ್‌ಮೆಂಟ್ ಒಂದನ್ನು ಎತ್ತಿ ತಂದು ನೀರಿನ ಮೇಲೆ ಇಟ್ಟ ಹಾಗೆ ಕಾಣುತ್ತದೆ. ಬೆಳಿಗ್ಗೆ ಇಳಿದವರು ಬಸ್ಸು ಹತ್ತಿ ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಫ್ಯಾಕ್ಟರಿ ನೋಡಿ ಸಂಜೆಗೆ ವಾಪಸ್. ಅಕ್ಕನ ಮಗಳಿಗೆ ಏಳು ವರ್ಷ. ಅವಳದ್ದು ಒಂದೇ ಪ್ರಶ್ನೆ: "ಚಿಕ್ಕಿ, ನಾವು ಯಾವಾಗ ಅದರೊಳಗೆ ಹೋಗುವುದು?"

ಈ ವರ್ಷ ಆ ಪ್ರಶ್ನೆಗೆ ಉತ್ತರ ಸಿಗುವ ಹಾಗಿತ್ತು. ಸಿಂಗಪುರದಲ್ಲಿರುವ ನಮ್ಮ ಸೋದರಮಾವ ದಸರಾ ರಜೆಗೆ ಅಕ್ಕ ಮತ್ತು ಮಗುವನ್ನು ಕರೆದಿದ್ದರು. ಅಲ್ಲಿಂದ ಐದು ದಿನದ ಹಡಗು ಪ್ರವಾಸ: ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್, ಮತ್ತೆ ಸಿಂಗಪುರ. ಟ್ರಾವೆಲ್ ಏಜೆನ್ಸಿಯವರು ದಾಖಲೆಗಳ ಪಟ್ಟಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಫೋಟೊ, ವಿಮೆ. ಕೊನೆಯಲ್ಲಿ ಒಂದು ಸಾಲು: ಮಗು ಒಬ್ಬ ಪೋಷಕರ ಜೊತೆ ಮಾತ್ರ ಬರುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ, ನೋಟರಿ ಮಾಡಿಸಿದ್ದು.

ಅಕ್ಕ ಮತ್ತು ಭಾವ ಮೂರು ವರ್ಷದಿಂದ ಬೇರೆ ಇದ್ದಾರೆ. ಕೇಸು ಕೋರ್ಟಿನಲ್ಲಿದೆ. ಮಾತು ನಿಂತು ಎಂಟು ತಿಂಗಳಾಗಿತ್ತು. ಅಕ್ಕ ಪಟ್ಟಿ ಓದಿ ಮೊಬೈಲ್ ಮಗುಚಿಟ್ಟು ಅಡುಗೆಮನೆಗೆ ಹೋದಳು. ಫಾರ್ಮ್ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಬಿಇ ಓದುವವರಿಗೆ ಮನೆಯ ಎಲ್ಲ ಆನ್‌ಲೈನ್ ಅರ್ಜಿಗಳೂ ಬರುತ್ತವೆ ಎಂಬುದು ನಮ್ಮಲ್ಲಿ ಒಂದು ನಂಬಿಕೆ.

ಮೊದಲ ಮೆಟ್ಟಿಲು ಮಗುವಿನ ಪಾಸ್‌ಪೋರ್ಟ್. ಮಾಮೂಲಿಯಾಗಿ ಅಪ್ಪ, ಅಮ್ಮ ಇಬ್ಬರೂ 'ಅನೆಕ್ಷರ್ ಡಿ' ಎಂಬ ಘೋಷಣೆಗೆ ಸಹಿ ಹಾಕಬೇಕು. ಒಬ್ಬರ ಸಹಿ ಸಿಗದಿದ್ದರೆ? ಅದಕ್ಕೆ 'ಅನೆಕ್ಷರ್ ಸಿ' ಇದೆ. ಇನ್ನೊಬ್ಬರ ಒಪ್ಪಿಗೆ ಯಾಕೆ ಸಿಗುತ್ತಿಲ್ಲ, ಕೋರ್ಟಿನಲ್ಲಿ ವ್ಯಾಜ್ಯ ಇದೆಯೇ, ಪಾಸ್‌ಪೋರ್ಟ್ ಕೊಡಬಾರದೆಂದು ಕೋರ್ಟು ತಡೆದಿದೆಯೇ ಎಂಬುದನ್ನೆಲ್ಲ ಅದರಲ್ಲಿ ಬರೆದುಕೊಡಬೇಕು. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯ ನಿಯಮ ಸಡಿಲಿಸಿ, 15 ಇದ್ದ ಅನೆಕ್ಷರ್‌ಗಳನ್ನು 9ಕ್ಕೆ ಇಳಿಸಿತು. ಇಂಥ ಘೋಷಣೆಗಳಿಗೆ ನೋಟರಿ ಬೇಡ, ಬಿಳಿ ಹಾಳೆಯ ಮೇಲೆ ಸ್ವಂತ ಸಹಿ ಸಾಕು ಎಂದಿತು. ಅರ್ಜಿಯಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಇರಲೇಬೇಕೆಂಬ ಒತ್ತಾಯವೂ ಹೋಯಿತು. ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರಿಗೆ ಇದು ಸಣ್ಣ ವಿಷಯವಲ್ಲ.

ಕೌಂಟರಿನಲ್ಲಿ ಮಾತ್ರ ಬೇರೆಯೇ ಗಾಳಿ. "ತಂದೆಯವರ ಸಹಿ ಇದ್ದರೆ ಸುಲಭ ಆಗ್ತಿತ್ತು ಮೇಡಂ" ಎಂದರು ಅಲ್ಲಿದ್ದವರು. ಒರಟಾಗಿ ಹೇಳಲಿಲ್ಲ, ಪಾಪ, ಸಲಹೆಯ ದನಿಯಲ್ಲೇ ಹೇಳಿದರು. ಅಕ್ಕ ಅನೆಕ್ಷರ್ ಸಿ ಮುಂದಿಟ್ಟಳು. ಅವರು ಒಳಗೆ ಹೋಗಿ ಯಾರನ್ನೋ ಕೇಳಿ ಬಂದರು. ಕಡೆಗೂ ಪಾಸ್‌ಪೋರ್ಟ್ ಬಂತು.

"ಅಪ್ಪನ ಸಹಿ" ಎಂಬ ಈ ರೂಢಿಗೆ ಹಳೆಯ ಬೇರಿದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಮಗುವಿನ ಸಹಜ ಪೋಷಕ ತಂದೆ, 'ಅವನ ನಂತರ' ತಾಯಿ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ತನ್ನಿ ಎಂದು ಅರ್ಜಿ ವಾಪಸ್ ಬಂದಿತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 'ನಂತರ' ಎಂದರೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ತಂದೆ ಹೊಣೆ ಹೊರದೆ ದೂರ ಇದ್ದಾಗ ಎಂದೂ ಓದಿಕೊಳ್ಳಬೇಕು ಎಂದು 1999ರಲ್ಲಿ ಕೋರ್ಟು ಹೇಳಿತು. 2015ರಲ್ಲಿ ಇನ್ನೊಂದು ಹೆಜ್ಜೆ: ಮದುವೆಯಾಗದ ತಾಯಿ ತಂದೆಗೆ ನೋಟಿಸ್ ಕೊಡದೆಯೇ ಮಗುವಿನ ಪೋಷಕಿಯಾಗಲು ಅರ್ಜಿ ಹಾಕಬಹುದು ಎಂಬ ತೀರ್ಪು ಬಂತು. ತೀರ್ಪು ದಿಲ್ಲಿಯಲ್ಲಿ ಬರುತ್ತದೆ. ಕೌಂಟರಿಗೆ ತಲುಪಲು ಅದಕ್ಕೆ ಬೇರೆಯೇ ಬಸ್ಸು ಬೇಕು.

ಇಷ್ಟು ಓದಿಕೊಂಡ ನಾನು ಕುದಿಯುತ್ತಿದ್ದೆ. ಶಾಲೆ ಫೀಸು, ಜ್ವರದ ರಾತ್ರಿ, ಪೇರೆಂಟ್ಸ್ ಮೀಟಿಂಗ್, ಎಲ್ಲಕ್ಕೂ ಅಕ್ಕ ಒಬ್ಬಳೇ. ಐದು ದಿನದ ರಜೆಗೆ ಮಾತ್ರ ಇಬ್ಬರ ಸಹಿಯಾ? ಮಿನಿ ಪ್ರಾಜೆಕ್ಟಿನ ಲ್ಯಾಬಿನಲ್ಲಿ ಇದನ್ನೇ ಹೇಳಿ ಕೂಗಾಡಿದೆ. ನಮ್ಮ ಟೀಮಿನ ಹುಡುಗ ಸುಮ್ಮನೆ ಕೇಳಿಸಿಕೊಂಡ. ಆಮೇಲೆ, "ನಾನೂ ರಜೆಗೆ ಅಂತಾನೇ ಬಂದೋನು" ಎಂದ.

ಎರಡು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಇಂಗ್ಲೆಂಡಿಗೆ ಹೋಗಿದ್ದನಂತೆ. ಎಂಟನೇ ವಯಸ್ಸಿನಲ್ಲಿ ಬೇಸಿಗೆ ರಜೆಗೆಂದು ಅಮ್ಮ ಶಿವಮೊಗ್ಗಕ್ಕೆ ಕರೆತಂದರು. ವಿಮಾನ ನಿಲ್ದಾಣಕ್ಕೆ ಬಿಟ್ಟುಹೋಗಿದ್ದು ಅಪ್ಪನೇ. ರಜೆ ಮುಗಿದರೂ ಹಿಂತಿರುಗಲಿಲ್ಲ. "ಅಮ್ಮನಿಗೆ ಅಲ್ಲಿ ತುಂಬಾ ಕಷ್ಟ ಇತ್ತು, ಅದು ಆಮೇಲೆ ಗೊತ್ತಾಯ್ತು. ಅಮ್ಮ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ನನ್ನ ಸೈಕಲ್ಲು, ಕ್ಲಾಸು, ಅಪ್ಪ, ಎಲ್ಲ ಒಂದೇ ದಿನ ಹೋಯ್ತು. ನನ್ನನ್ನ ಯಾರೂ ಕೇಳಿರಲಿಲ್ಲ." ಇಷ್ಟು ಹೇಳಿ ಅವನು ಸಾಲ್ಡರಿಂಗ್ ಮುಂದುವರಿಸಿದ. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಅಲ್ಲಿಯವರೆಗೆ ಒಪ್ಪಿಗೆ ಪತ್ರ ಎಂದರೆ ಗಂಡಸರ ಹಠಕ್ಕೆ ಸಿಕ್ಕ ಆಯುಧ ಎಂದಷ್ಟೇ ನನಗೆ ಕಂಡಿತ್ತು. ಆ ಕಾಗದ ಹುಟ್ಟಿದ್ದು ಯಾಕೆಂದು ಆಮೇಲೆ ಹುಡುಕಿದೆ.

2004ರ ಜೂನ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಡೇವಿಡ್ ಗೋಲ್ಡ್‌ಮನ್ ಎಂಬಾತ ನಾಲ್ಕು ವರ್ಷದ ಮಗನನ್ನೂ ಹೆಂಡತಿಯನ್ನೂ ವಿಮಾನ ನಿಲ್ದಾಣಕ್ಕೆ ಬಿಟ್ಟುಬಂದರು. ಬ್ರೆಜಿಲ್‌ನ ತವರಿಗೆ ಎರಡು ವಾರದ ರಜೆ. ಹೆಂಡತಿ ಅಲ್ಲೇ ಉಳಿದರು. ಮುಂದೆ ಆಕೆ ತೀರಿಕೊಂಡ ಮೇಲೂ ಮಗ ಸಿಗಲಿಲ್ಲ. ಕೈಸೇರಿದ್ದು 2009ರ ಡಿಸೆಂಬರ್‌ನಲ್ಲಿ, ಅವನಿಗೆ ಒಂಬತ್ತು ವರ್ಷವಾದಾಗ. ಇದೇ ಹೆಸರಿನಲ್ಲಿ ಅಮೆರಿಕ 2014ರಲ್ಲಿ ಒಂದು ಕಾನೂನನ್ನೇ ಮಾಡಿತು.

ಇಂಥ ಪ್ರಕರಣಗಳಿಗಾಗಿಯೇ 1980ರಲ್ಲಿ ಹೇಗ್ ಒಪ್ಪಂದ ಆಗಿದೆ. 16 ವರ್ಷದೊಳಗಿನ ಮಗುವನ್ನು ಅದು ಬೆಳೆಯುತ್ತಿದ್ದ ದೇಶದಿಂದ ಒಬ್ಬ ಪೋಷಕರು ಅಕ್ರಮವಾಗಿ ಒಯ್ದರೆ ಬೇಗ ವಾಪಸ್ ಕಳಿಸಬೇಕು. ಮಗು ಯಾರ ಬಳಿ ಇರಬೇಕು ಎಂಬುದನ್ನು ಆ ದೇಶದ ಕೋರ್ಟೇ ತೀರ್ಮಾನಿಸಲಿ ಎನ್ನುವುದು ಅದರ ತಿರುಳು. ವಾಪಸ್ ಹೋದರೆ ಮಗುವಿಗೆ ಗಂಭೀರ ಅಪಾಯವಿದೆ ಎಂದಾದರೆ ವಿನಾಯಿತಿಯೂ ಉಂಟು. ನೂರಕ್ಕೂ ಹೆಚ್ಚು ದೇಶಗಳು ಸೇರಿವೆ. ಶ್ರೀಲಂಕಾ, ಪಾಕಿಸ್ತಾನ ಕೂಡ ಇವೆ. ಭಾರತ ಇಲ್ಲ.

ನಮ್ಮ ಹಡಗಿನ ದಾರಿಯನ್ನೇ ನೋಡಿ. ಸಿಂಗಪುರ ಒಪ್ಪಂದದಲ್ಲಿದೆ, ಮಲೇಷ್ಯಾ ಇಲ್ಲ, ಥಾಯ್ಲೆಂಡ್ ಇದೆ. ಐದು ದಿನದಲ್ಲಿ ಮಗು ಮೂರು ದೇಶಗಳ ಗಡಿ ದಾಟುತ್ತದೆ, ಪ್ರತಿ ಬಂದರಿನಲ್ಲಿ ಕೆಲವೇ ಗಂಟೆ. ಇಳಿದವರು ಹಡಗಿಗೆ ಮರಳದಿದ್ದರೆ ಹಡಗು ಕಾಯುವುದಿಲ್ಲ. ಹಾಗಾಗಿ ಆ ಪತ್ರದಲ್ಲಿ ಮಗು ಯಾರ ಜೊತೆ, ಯಾವ ಹಡಗಿನಲ್ಲಿ, ಯಾವ ಊರುಗಳಿಗೆ, ಎಂದು ಹೋಗಿ ಎಂದು ಬರುತ್ತದೆ, ಒಪ್ಪಿಗೆ ಕೊಟ್ಟವರ ಫೋನ್ ನಂಬರ್ ಯಾವುದು ಎಂಬುದೆಲ್ಲ ಇರಬೇಕು. ಅಮೆರಿಕ, ಕೆನಡಾದಂಥ ದೇಶಗಳು ಇಂಥ ಪತ್ರ ಇಟ್ಟುಕೊಳ್ಳಿ ಎಂದು ಸಲಹೆ ಕೊಡುತ್ತವೆ. ದಕ್ಷಿಣ ಆಫ್ರಿಕಾ 2015ರಲ್ಲಿ ಎಲ್ಲ ಮಕ್ಕಳಿಗೂ ಪೂರ್ಣ ಜನನ ಪ್ರಮಾಣಪತ್ರ, ಒಪ್ಪಿಗೆಯ ಅಫಿಡವಿಟ್ ಕಡ್ಡಾಯ ಮಾಡಿತು. ಪ್ರವಾಸೋದ್ಯಮದವರು ಬೊಬ್ಬೆ ಹಾಕಿದರು. 2019ರಲ್ಲಿ ವಿದೇಶಿ ಮಕ್ಕಳಿಗೆ ಅದನ್ನು ಸಡಿಲಿಸಬೇಕಾಯಿತು.

ಭಾರತ ಒಪ್ಪಂದಕ್ಕೆ ಯಾಕೆ ಸೇರಿಲ್ಲ ಎಂಬುದಕ್ಕೂ ಕಾರಣವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ವಿದೇಶದಲ್ಲಿ ಗಂಡನ ಹಿಂಸೆಯಿಂದ ತಪ್ಪಿಸಿಕೊಂಡು ಮಗುವಿನ ಜೊತೆ ತವರಿಗೆ ಬರುವ ಹೆಣ್ಣುಮಕ್ಕಳಿದ್ದಾರೆ. ಅಲ್ಲಿ ಅವರಿಗೆ ಕೆಲಸವಿಲ್ಲ, ವೀಸಾ ಗಂಡನದ್ದು, ವಕೀಲರ ಫೀಸು ಡಾಲರಿನಲ್ಲಿ. ಅವರನ್ನು 'ಅಪಹರಣಕಾರರು' ಎಂದು ವಾಪಸ್ ಕಳಿಸುವುದು ಹೇಗೆ? ಕಾನೂನು ಆಯೋಗ 2009ರಲ್ಲಿ ಒಪ್ಪಂದಕ್ಕೆ ಸೇರಿ ಎಂದಿತು, 2016ರಲ್ಲಿ ಮತ್ತೊಂದು ವರದಿ ಕೊಟ್ಟಿತು. ನ್ಯಾಯಮೂರ್ತಿ ರಾಜೇಶ್ ಬಿಂದಾಲ್ ಸಮಿತಿ 2018ರ ಏಪ್ರಿಲ್‌ನಲ್ಲಿ ವರದಿ ಸಲ್ಲಿಸಿತು. ಕಾನೂನು ಬಂದಿಲ್ಲ. ಮಗುವಿನ ಹಿತವೇ ಮೊದಲು, ವಿದೇಶಿ ಕೋರ್ಟಿನ ಆದೇಶ ಹಲವು ಅಂಶಗಳಲ್ಲಿ ಒಂದು ಅಷ್ಟೇ ಎಂದು ಸುಪ್ರೀಂ ಕೋರ್ಟ್ 2017ರ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ಹೇಳಿದೆ. ಹಿತ ಯಾವುದೆಂದು ಪ್ರತಿ ಸಲ ಹೊಸದಾಗಿ ವಾದಿಸಬೇಕು. ಅಷ್ಟರಲ್ಲಿ ಮಗು ಹೈಸ್ಕೂಲ್ ಮುಟ್ಟಿರುತ್ತದೆ.

ನನಗೆ ಹಿಡಿಸಿದ್ದು ಇಂಗ್ಲೆಂಡಿನ ಒಂದು ಏರ್ಪಾಡು. ಅಲ್ಲಿ ಪೋಷಕತ್ವದ ಹೊಣೆ ಇರುವ ಎಲ್ಲರ ಒಪ್ಪಿಗೆಯೋ ಕೋರ್ಟಿನ ಅನುಮತಿಯೋ ಇಲ್ಲದೆ 16ರೊಳಗಿನ ಮಗುವನ್ನು ದೇಶದ ಹೊರಗೆ ಒಯ್ದರೆ ಅಪರಾಧ. 1984ರ ಕಾಯ್ದೆ ಕಟ್ಟುನಿಟ್ಟು. ಆದರೆ ಮಗು ಇವರ ಬಳಿ ಇರಲಿ ಎಂದು ಕೋರ್ಟು ಯಾರಿಗೆ ಹೇಳಿದೆಯೋ ಅವರು ಒಂದು ತಿಂಗಳೊಳಗಿನ ಪ್ರವಾಸಕ್ಕೆ ಇನ್ನೊಬ್ಬರ ಸಹಿಗೆ ಕಾಯಬೇಕಿಲ್ಲ. ಅನುಮಾನ ಇದ್ದವರು ಕೋರ್ಟಿಗೆ ಹೋಗಿ ತಡೆ ತರಬೇಕು. ಅಂದರೆ ಓಡಾಟದ ಕಷ್ಟ ಮಗುವನ್ನು ಸಾಕುತ್ತಿರುವವರ ತಲೆಯಿಂದ ಇಳಿದು ಆಕ್ಷೇಪ ಇರುವವರ ತಲೆಗೆ ಹೋಗುತ್ತದೆ. ನಮ್ಮ ಕೌಟುಂಬಿಕ ನ್ಯಾಯಾಲಯಗಳು ಕೇಸಿನ ಆರಂಭದಲ್ಲೇ ಮಧ್ಯಂತರ ಆದೇಶದಲ್ಲಿ ಇಂಥ ಎರಡು ಸಾಲು ಬರೆದರೆ ಸಾಕು. ಹೊಸ ಕಾಯ್ದೆಗೆ ಕಾಯುತ್ತಾ ಕೂರಬೇಕಿಲ್ಲ. ಈಗ ಅಕ್ಕ ಅನುಮತಿ ಕೇಳಿ ಅರ್ಜಿ ಹಾಕಬಹುದು ನಿಜ. ಹಾಕಿದಳು ಕೂಡ. ಸಿಕ್ಕ ದಿನಾಂಕ ಹಡಗು ಹೊರಟ ಮರುವಾರದ್ದು.

ಇದು ಯಾರದೋ ಮನೆಯ ಜಗಳ ಅಂದುಕೊಳ್ಳಬೇಡಿ. ನಮ್ಮ ಕ್ಲಾಸಿನಲ್ಲೇ ಜರ್ಮನಿ, ಕೆನಡಾ ಎಂದು ಪರೀಕ್ಷೆ ಕಟ್ಟುತ್ತಿರುವವರು ಎಷ್ಟು ಜನ! ಆಫರ್ ಲೆಟರಿನ ಒಂದೊಂದು ಸಾಲನ್ನೂ ಸೀನಿಯರ್‌ಗಳಿಗೆ ತೋರಿಸಿ ಓದುತ್ತೇವೆ. ಅಲ್ಲೇ ಮದುವೆ, ಅಲ್ಲೇ ಮಗು ಎಂದಾದಾಗ ಆ ಮಗುವಿನ ಊರು ಯಾವುದೆಂದು ಕಾನೂನು ಹೇಗೆ ತೀರ್ಮಾನಿಸುತ್ತದೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಲ್ಯಾಬಿನಲ್ಲಿ ಆ ಹುಡುಗ ಹೇಳದೆ ಹೋಗಿದ್ದರೆ ನಾನೂ ಕೇಳುತ್ತಿರಲಿಲ್ಲ.

ಆ ರಾತ್ರಿ ಅಕ್ಕನಿಗೆ ಅವನ ಕತೆ ಹೇಳಿದೆ. ಅವಳಿಗೆ ಸಿಟ್ಟು ಬಂತು. "ನಾನು ಓಡಿಹೋಗುವವಳಾ?" ಎಂದಳು. ಮರುದಿನ ತಾನೇ ಕೂತು ಒಪ್ಪಿಗೆ ಪತ್ರದ ಕರಡು ಟೈಪ್ ಮಾಡಿದಳು. ದಿನಾಂಕ, ಹಡಗಿನ ಹೆಸರು, ಬಂದರುಗಳು, ಮಾವನ ವಿಳಾಸ. ಕೊನೆಗೆ ಏಜೆನ್ಸಿಯವರು ಕೇಳದ ಒಂದು ಸಾಲು ಸೇರಿಸಿದಳು: ದಿನಾ ಸಂಜೆ ಏಳಕ್ಕೆ ಮಗು ಅಪ್ಪನ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತದೆ. ಭಾವನ ನಂಬರಿಗೆ ಕಳಿಸಿದಳು.

ಎರಡು ದಿನ ಏನೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಒಂದು ಮೆಸೇಜ್: "ರಿಟರ್ನ್ ಟಿಕೆಟ್ ಕಾಪಿ ಕಳಿಸು." ಎಂಟು ತಿಂಗಳಲ್ಲಿ ಬಂದ ಮೊದಲ ಮಾತು. ಅಕ್ಕ ಕಳಿಸಿದ್ದಾಳೆ. ಸಹಿ ಇನ್ನೂ ಬಂದಿಲ್ಲ. ಏಜೆನ್ಸಿಗೆ ಹಣ ಕಟ್ಟಲು ಈ ತಿಂಗಳ 25 ಕೊನೆಯ ದಿನ.